ನೋಜು ಮೇಷ್ಟ್ರು ಮತ್ತು ಹೆಣದ ಹಾಡು

ನಮ್ಮ ಜುರೆಮಾಲ್ ಊರಿನಲ್ಲಿ ಕಬ್ಬು ಅರೆಯುವ ಹಂಗಾಮು ಶುರುವಾಯಿತೆಂದು ಯಾರೂ ಡಂಗುರ ಹೊಡೆಯಬೇಕಿರಲಿಲ್ಲ. ಮೂಗಿದ್ದವರಿಗೆಲ್ಲ ತಿಳಿಯುತ್ತಿತ್ತು. ಸಾಂತಾ ಲೆಯೊಕಾಡಿಯಾ ಗಿರಣಿಯವರು ಸಾರಾಯಿ ಬಟ್ಟಿ ಇಳಿಸಿದ ಮೇಲೆ ಉಳಿಯುವ ಕಪ್ಪು ಗಸಿಯನ್ನು ಬಿಸಿಬಿಸಿಯಾಗಿಯೇ ಹೊಳೆಗೆ ಬಿಡುತ್ತಿದ್ದರು. ಕಾಲ್ಡಾ ಎಂದು ಅದರ ಹೆಸರು. ಕೊಳೆತ ಮೊಟ್ಟೆ, ಹುಳಿತ ಬೆಲ್ಲ, ಸತ್ತ ಇಲಿಯನ್ನು ಒಂದೇ ಗಡಿಗೆಗೆ ಹಾಕಿ ಕುದಿಸಿದರೆ ಏಳುವಂಥ ನಾತ. ಒಗೆದ ಬಟ್ಟೆಗೂ ಬೇಯಿಸಿದ ಗೆಣಸಿಗೂ ಹೆಂಡತಿಯ ಕೂದಲಿಗೂ ಅದು ಮೆತ್ತಿಕೊಳ್ಳುತ್ತಿತ್ತು. ಒಂದು ವಾರ ಬೈದುಕೊಂಡು ಓಡಾಡಿ ಆಮೇಲೆ ನಾವೆಲ್ಲ ಸುಮ್ಮನಾಗುತ್ತಿದ್ದೆವು. ಮೇಷ್ಟ್ರು ಡೊರ್ಜಿವಾಲ್ ಫೆಯ್ತೋಜಾ ಮಾತ್ರ ಸಾಯುವವರೆಗೂ ಅದಕ್ಕೆ ಒಗ್ಗಿಕೊಳ್ಳಲಿಲ್ಲ.

ಅವರು ಊರ ಬ್ಯಾಂಡಿನ ಮೇಷ್ಟ್ರು. ನಾನು ಕ್ಷೌರದಂಗಡಿಯ ಜುರಂದಿರ್. ಅದೇ ಬ್ಯಾಂಡಿನಲ್ಲಿ ಬೊಂಬಾರ್ಡಿನೊ ಎಂಬ ಹೊಟ್ಟೆಬಾಕ ಹಿತ್ತಾಳೆ ಕಹಳೆಯನ್ನು ಊದುತ್ತಿದ್ದೆ. ಶನಿವಾರ ಅವರ ಗಡ್ಡ ಹೆರೆಯುತ್ತಿದ್ದವನೂ ನಾನೇ, ಭಾನುವಾರ ತಪ್ಪು ಸ್ವರಕ್ಕೆ ಅವರಿಂದ ಬೈಸಿಕೊಳ್ಳುತ್ತಿದ್ದವನೂ ನಾನೇ. ಮೇಷ್ಟ್ರು ಉದ್ದನೆಯ ಒಣಕಲು ಆಳು. ಮೂಗು ಯಾವಾಗಲೂ ಸುಕ್ಕುಗಟ್ಟಿರುತ್ತಿತ್ತು. ಬೇರೆಯವರ ಲೋಟದಲ್ಲಿ ನೀರು ಕುಡಿಯುವವರಲ್ಲ, ಕೈಕುಲುಕಿದ ಮೇಲೆ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳದೆ ಬಿಡುವವರೂ ಅಲ್ಲ. ಅದಕ್ಕೇ ಊರವರು ಅವರಿಗೆ ನೋಜು ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ನೋಜು ಎಂದರೆ ನಮ್ಮ ಮಾತಿನಲ್ಲಿ ಹೇಸಿಗೆ. ಹಳಬರ ಬಾಯಲ್ಲಿ ಅದೇ ಪದಕ್ಕೆ ಸಾವಿನ ಸೂತಕ ಎಂಬ ಅರ್ಥವೂ ಇದೆ. ಹೆಸರಿಟ್ಟ ಪೋಕರಿಗಳಿಗೆ ಅದು ಗೊತ್ತಿರಲಿಲ್ಲ.

ಅವರ ಅಪ್ಪ ಗಿರಣಿಯ ಬಾಯ್ಲರಿಗೆ ಸೌದೆ ಒಟ್ಟುತ್ತಿದ್ದವನು. ಮಗ ಹೊಗೆಗೆ ಕೆಮ್ಮುತ್ತಾನೆಂದು ಅವನನ್ನು ಪಾದ್ರಿಗಳ ಮಠಕ್ಕೆ ಕಳಿಸಿದ. ಅಲ್ಲಿ ಜರ್ಮನಿಯಿಂದ ಬಂದ ಎಗ್ಬೆರ್ತು ಪಾದ್ರಿ ಕಾಲ್ತಿದಿಯ ಹಾರ್ಮೋನಿಯಮ್ಮಿನ ಮುಂದೆ ಕೂರಿಸಿ ತಮ್ಮ ದೇಶದ ಹಳೆಯ ಚರ್ಚಿನ ಸಂಗೀತ ಕಲಿಸಿದರು. ಒಂದು ಧ್ವನಿ ಮುಂದೆ ಹೊರಡುತ್ತದೆ, ಎರಡನೆಯದು ಅದನ್ನು ಅಟ್ಟಿಸಿಕೊಂಡು ಬರುತ್ತದೆ, ಮೂರನೆಯದು ಅಡ್ಡ ಹಾಯುತ್ತದೆ, ಆದರೂ ಯಾರೂ ಯಾರನ್ನೂ ತುಳಿಯುವುದಿಲ್ಲ, ಅಂಥ ಸಂಗೀತ. ಸಂಜೆಯಾದರೆ ಹುಡುಗ ಸೋದರಮಾವ ಮಿನೆರ್ವೀನುವಿನ ಹಿಂದೆ ಹೋಗುತ್ತಿದ್ದ. ಮಾವ ಕಬ್ಬು ಕಡಿಯುವವನು, ಕುದುರೆವೇಷದ ಕುಣಿತಕ್ಕೆ ರಬೆಕಾ ಬಾರಿಸುವವನು. ರಬೆಕಾ ಎಂದರೆ ನಮ್ಮ ಹಳ್ಳಿ ಪಿಟೀಲು. ಅದರ ದನಿ ನಯವಲ್ಲ. ಒಣಗಿದ ಗಂಟಲಲ್ಲಿ ಮಾತಾಡಿದಂತಿರುತ್ತದೆ. ಪಾದ್ರಿಗೆ ಮಾವನ ವಾದ್ಯ ಅಪಶ್ರುತಿ. ಮಾವನಿಗೆ ಪಾದ್ರಿಯ ಸಂಗೀತ ರೋಗಿಗೆ ಮಾಡಿದ ಗಂಜಿ. ಹುಡುಗನಿಗೆ ಎರಡೂ ಒಂದೇ ಮನೆಯವರ ಜಗಳದಂತೆ ಕೇಳುತ್ತಿದ್ದವು.

ದೊಡ್ಡವರಾದ ಮೇಲೆ ಅವರು ಕಟ್ಟಿದ್ದೆಲ್ಲ ಆ ಜಗಳವನ್ನೇ. ಕಬ್ಬು ಕಡಿಯುವವರ ತಾಳದ ಮೇಲೆ ನಾಲ್ಕು ಧ್ವನಿಯ ಪ್ರಾರ್ಥನೆ, ದನ ಕರೆಯುವ ಕೂಗಿಗೆ ಬೆನ್ನುಹತ್ತುವ ಕ್ಲಾರಿನೆಟ್ಟು. ನಮ್ಮ ಸೀಮೆಯ ದೊಡ್ಡ ನಗರ ರೆಸಿಫಿಯಲ್ಲಿ ಆಗ ಇಂಥದ್ದೊಂದು ಹುಚ್ಚು ಎದ್ದಿತ್ತು. ಹಳ್ಳಿಯ ಹಾಡನ್ನು ತೊಳೆದು, ಪಿಟೀಲಿನ ಪಾಕದಲ್ಲಿ ಅದ್ದಿ, ಬೆಳ್ಳಿ ತಟ್ಟೆಯಲ್ಲಿಟ್ಟು ಕೊಡುವವರು ಹೆಚ್ಚಾಗಿದ್ದರು. ರೇಡಿಯೋದಲ್ಲಿ ಅಂಥದ್ದು ಬಂದರೆ ಮೇಷ್ಟ್ರು ಮುಖದಲ್ಲಿ ಅರ್ಧ ಸೋಪು ಇರುವಾಗಲೇ ಎದ್ದು ಹೋಗಿ ಗುಬುಟು ತಿರುಗಿಸಿಬಿಡುತ್ತಿದ್ದರು. ಸತ್ತ ಮೀನಿಗೆ ಅತ್ತರು ಹಚ್ಚುತ್ತಾರೆ ಎನ್ನುತ್ತಿದ್ದರು.

ಸೇನೆಯವರು ದೇಶ ಆಳುತ್ತಿದ್ದ ಕಾಲ. ಗಿರಣಿಯ ಯಜಮಾನ ಲಫಾಯೆತಿಯ ಎದುರು ಮಾತಾಡುವವರಿರಲಿಲ್ಲ. ನಮ್ಮಲ್ಲಿ ಓದಿದವನೂ ದೊತೋರ್, ದುಡ್ಡಿದ್ದವನೂ ದೊತೋರ್. ಆತ ಎರಡನೆಯ ಬಗೆಯ ದೊತೋರ್. ಒಂದು ವರ್ಷ ಮಳೆ ತಡವಾಗಿ ಹೊಳೆಯಲ್ಲಿ ನೀರಿಗಿಂತ ಕಾಲ್ಡಾ ಹೆಚ್ಚಾಯಿತು. ಮೀನುಗಳು ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು ತೇಲಿ ಬಂದವು. ಕಲ್ಲಿನ ಸಂದಿಯ ಪಿತು ಸಿಗಡಿಗಳು ಉಸಿರು ಸಿಗದೆ ದಡಕ್ಕೆ ಹತ್ತಿ ಬಂದು ಅಲ್ಲೇ ಸತ್ತವು. ಹಸಿದವರು ಬುಟ್ಟಿ ತಂದು ತುಂಬಿಕೊಂಡರು. ವರ್ಷವಿಡೀ ಬರಿಯ ಮರಗೆಣಸಿನ ಹಿಟ್ಟು ತಿನ್ನುವವರ ಮುಂದೆ ಮೀನು ತಾನಾಗಿ ಬಂದು ಬಿದ್ದರೆ ಬೇಡವೆನ್ನುವ ನಾಲಿಗೆ ಯಾರದು?

ಆ ವಾರ ಬಹಳ ಮಕ್ಕಳಿಗೆ ವಾಂತಿ ಭೇದಿಯಾಯಿತು. ಕಿತೇರಿಯಾಳ ಮೊಮ್ಮಗಳು ಮರ್ಲೂಸಿ ಉಳಿಯಲಿಲ್ಲ. ಗಿರಣಿಯ ವೈದ್ಯ ಬಂದು ಬಾಗಿಲಲ್ಲೇ ನಿಂತು ಜಂತುಹುಳು ಎಂದು ಹೇಳಿ ಹೋದ.

ಕಿತೇರಿಯಾ ಗೆಣಸಿನ ಹಿಟ್ಟಿನ ಕೊಟ್ಟಿಗೆಯಲ್ಲಿ ಕೆಲಸ ಮಾಡುವ ಗಟ್ಟಿ ಹೆಂಗಸು. ಸುತ್ತಲ ಹತ್ತು ಹಳ್ಳಿಯಲ್ಲಿ ಯಾರು ಸತ್ತರೂ ಹೆಣದ ಮುಂದೆ ಹಾಡಲು ಅವಳೇ ಬರಬೇಕು. ಈ ಸಲ ಹೆಣ ಅವಳ ಮನೆಯದೇ. ಮಧ್ಯಾಹ್ನ ನಾವು ಬ್ಯಾಂಡಿನವರೆಲ್ಲ ಹೋದೆವು. ಮಗುವನ್ನು ನೀಲಿ ಕಾಗದ ಅಂಟಿಸಿದ ಹಲಗೆಯ ಮೇಲೆ ಮಲಗಿಸಿದ್ದರು. ನೊಣಗಳನ್ನು ಓಡಿಸಿ ಓಡಿಸಿ ಅವಳ ತಾಯಿಯ ಕೈ ಸೋತಿತ್ತು. ಕಿತೇರಿಯಾ ಕಣ್ಣೀರು ಒರೆಸಿಕೊಳ್ಳದೆ ಶುರು ಮಾಡಿದಳು. ‘ಒಂದು ದೀಪ ಹಚ್ಚಿದೆ ದಾರಿಗೆ, ಕೂಸೇ, ಹಿಂದೆ ತಿರುಗಿ ನೋಡಬೇಡ’ ಎಂದು ಮೊದಲ ನುಡಿ. ಆಮೇಲೆ ಎರಡು ದೀಪ, ಮೂರು ದೀಪ, ಹೀಗೆ ಹನ್ನೆರಡರವರೆಗೆ. ಒಮ್ಮೆ ಶುರು ಮಾಡಿದರೆ ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಜೀವ ಅರ್ಧ ದಾರಿಯ ಕತ್ತಲಲ್ಲಿ ಉಳಿಯುತ್ತದೆ ಎಂಬ ನಂಬಿಕೆ. ಮಿಕ್ಕ ಹೆಂಗಸರು ಹಿಂದಿನಿಂದ ಬೇರೆ ಬೇರೆ ಎತ್ತರದಲ್ಲಿ ಸೇರಿಕೊಂಡರು.

ನಾನು ಮೇಷ್ಟ್ರ ಪಕ್ಕದಲ್ಲಿದ್ದೆ. ಅವರ ಬೆರಳುಗಳು ತೊಡೆಯ ಮೇಲೆ ಹಾರ್ಮೋನಿಯಮ್ಮಿನ ಮನೆಗಳನ್ನು ಹುಡುಕುತ್ತಿದ್ದವು. ಇದ್ದಕ್ಕಿದ್ದಂತೆ ಅವರು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಅದುಮಿದರು. ಮುಂದಿನ ಶನಿವಾರ ಕುರ್ಚಿಯಲ್ಲಿ ಕೂತಾಗ ತಾವೇ ಹೇಳಿದರು. ಮಗುವಿನ ಮೂಗಿಗೆ ಹತ್ತಿ ತುರುಕಿದ್ದನ್ನು ನೋಡುತ್ತಿರುವಾಗಲೇ ಅವರ ತಲೆಯಲ್ಲಿ ಎರಡನೆಯ ಧ್ವನಿ ಎಲ್ಲಿ ಏಳಬೇಕು, ಚೆಲ್ಲೋ ಎಂಬ ದೊಡ್ಡ ಪಿಟೀಲು ಎಲ್ಲಿ ಇಳಿಯಬೇಕು ಎಂಬ ಲೆಕ್ಕ ನಡೆದಿತ್ತಂತೆ. ತನ್ನ ತಲೆಯ ಮೇಲೆ ತನಗೇ ಉಗಿಯುವಂತಾಯಿತು ಎಂದರು. ಆದರೂ ಆ ಸಂಗೀತ ಬಿಡಲಿಲ್ಲ. ಅದನ್ನು ಬರೆಯದೆ ಗತಿಯಿಲ್ಲ ಎಂದಾದಾಗ ನೇರವಾಗಿ ಕಿತೇರಿಯಾಳ ಮನೆಗೆ ಹೋದರು.

ಅವಳು ಗೆಣಸು ಹೆರೆಯುತ್ತಿದ್ದಳಂತೆ. ಕತ್ತಿ ಕೆಳಗಿಡದೆ ಕೇಳಿಸಿಕೊಂಡಳು.

“ಹೆಣ ಇಲ್ದೆ ಅದನ್ನ ಹಾಡಾಕಿಲ್ಲ ಮೇಷ್ಟ್ರೇ,” ಎಂದಳು. “ಸುಮ್ಕೆ ಹಾಡಿದ್ರೆ ಸಾವು ನನ್ನೇ ಕರೀತಾವ್ರೆ ಅಂದ್ಕೊಂಡು ಬಂದ್ಬಿಡ್ತದೆ.”

“ಹೆಣ ಇದೆಯಲ್ಲ ಕಿತೇರಿಯಾ. ಮರ್ಲೂಸಿಗೋಸ್ಕರ ಹಾಡೋದು. ಮೀನು ಯಾಕೆ ಸತ್ವು ಅಂತ ಬಾಯ್ಬಿಟ್ಟು ಹೇಳೋಕೆ ನನ್ನ ಕೈಲಿ ಆಗಲ್ಲ, ಜೈಲಿಗೆ ಹಾಕ್ತಾರೆ. ಹಾಡಿದ್ರೆ ಹಾಕೋಕಾಗಲ್ಲ.”

ಅವಳು ಇನ್ನೆರಡು ಗೆಣಸು ಹೆರೆದು ಮುಗಿಸಿ ಒಪ್ಪಿಕೊಂಡಳು. ನಡುವೆ ನಿಲ್ಲಿಸಬಾರದು, ಹಾಡುವಾಗ ಯಾರೂ ತಿನ್ನಬಾರದು, ಚಪ್ಪಾಳೆ ತಟ್ಟಬಾರದು ಎಂದಳು. ಮೇಷ್ಟ್ರು ಮಾತು ಕೊಟ್ಟರು.

ಆ ಮಳೆಗಾಲವೆಲ್ಲ ಕೂತು ಅವರು ಅದನ್ನು ಕಟ್ಟಿದರು. ಹೆಂಗಸರ ಹಾಡನ್ನು ಒಂದು ಎಳೆಯೂ ತಿದ್ದಲಿಲ್ಲ. ಅದರ ಕೆಳಗೆ ತಂತಿವಾದ್ಯಗಳು ಪಾದ್ರಿ ಕಲಿಸಿದ ಪದ್ಧತಿಯಲ್ಲಿ ಒಂದರ ಹಿಂದೊಂದು ಸಣ್ಣಗೆ ಹೊರಡುತ್ತವೆ, ಪ್ರತಿ ದೀಪಕ್ಕೂ ಒಂದೊಂದು ಸೇರಿಕೊಳ್ಳುತ್ತದೆ, ಹನ್ನೆರಡನೆಯದಕ್ಕೆ ಎಲ್ಲ ಒಟ್ಟಾಗಿ ನಿಂತು ದಾರಿ ಬಿಡುತ್ತವೆ. ನನ್ನ ಕಹಳೆಗೂ ಒಂದು ಧ್ವನಿ ಇಟ್ಟಿದ್ದರು. ಬ್ಯಾಂಡಿನ ಕೋಣೆಯಲ್ಲಿ ಇದ್ದಬದ್ದ ವಾದ್ಯದಲ್ಲಿ ಮೊದಲ ಸಲ ಬಾರಿಸಿದಾಗ ತಮಟೆಯ ಮುದುಕ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ.

ಇಂಥದ್ದರ ವಾಸನೆ ನಗರಕ್ಕೆ ಬೇಗ ಹತ್ತುತ್ತದೆ. ರೆಸಿಫಿಯ ಸಂಸ್ಕೃತಿ ಇಲಾಖೆಯಿಂದ ಎವಾಲ್ಡು ಪೈವಾ ಎಂಬ ದೊತೋರ್ ಕಾರಿನಲ್ಲಿ ಬಂದ. ಮೃದುವಾದ ಒದ್ದೆ ಕೈ, ಲವಂಗ ಜಗಿಯುವ ಬಾಯಿ. ಮಾತಿಗೊಮ್ಮೆ ‘ನಮ್ಮ ಜನ, ನಮ್ಮ ಬೇರು’ ಎನ್ನುತ್ತಿದ್ದ, ಗಾಳಿ ಹೊಳೆಯ ಕಡೆಯಿಂದ ಬಂದಾಗ ಕರವಸ್ತ್ರ ಮೂಗಿಗೆ ಒತ್ತಿಕೊಳ್ಳುತ್ತಿದ್ದ. ನಗರದ ವಾದ್ಯವೃಂದ ಕೊಡುತ್ತೇನೆ, ಹೆಂಗಸರನ್ನೂ ನಿಮ್ಮ ಬ್ಯಾಂಡಿನ ನಾಲ್ವರನ್ನೂ ಕರೆದುಕೊಂಡು ಬನ್ನಿ ಎಂದ. ಮೇಷ್ಟ್ರು ಅವಳ ಕಟ್ಟಳೆಗಳನ್ನೆಲ್ಲ ಹೇಳಿದರು. ಎವಾಲ್ಡು ಎದೆಯ ಮೇಲೆ ಕೈಯಿಟ್ಟು, ಎಂಥ ಪವಿತ್ರ ಸಂಪ್ರದಾಯ ಎಂದು ಕಣ್ಣು ಮುಚ್ಚಿದ.

ಕಛೇರಿ ಭಾನುವಾರ ಬೆಳಿಗ್ಗೆ. ಹೆಂಗಸರು ಇಸ್ತ್ರಿ ಮಾಡಿದ ಹಬ್ಬದ ಬಟ್ಟೆಯಲ್ಲಿ, ಬೂಟು ಹಾಕಿಕೊಂಡು ಬಸ್ಸಿಳಿದರು. ರಂಗಮಂದಿರದ ಹಿಂಬಾಗಿಲಲ್ಲಿ ಒಬ್ಬಳು ಚೆಲುವೆ ಅವರಿಗೆ ಗೋಣಿತಟ್ಟಿನ ಲಂಗಗಳನ್ನು ಹಂಚಿದಳು. ಬೂಟು ಬಿಚ್ಚಿ, ಬರಿಗಾಲಿದ್ದರೆ ಹೆಚ್ಚು ಸಹಜ ಎಂದಳು. ಜೀವಮಾನದಲ್ಲಿ ಗೋಣಿ ಉಟ್ಟಿರದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಉಟ್ಟರು. ಕಿತೇರಿಯಾ ಲಂಗ ಉಟ್ಟಳು, ಬೂಟು ಮಾತ್ರ ಬಿಚ್ಚಲಿಲ್ಲ. “ಇದು ನನ್ ತಂಗೀದು. ಕಳ್ದೋದ್ರೆ ನೀನು ತಂದ್ಕೊಡ್ತೀಯೇನವ್ವ?” ಎಂದಳು.

ಮೊಗಸಾಲೆಯಲ್ಲಿ ಊಟದ ಮೇಜುಗಳು ಸಿದ್ಧವಾಗಿದ್ದವು. ಬೆಳ್ಳಿ ಬೋಗುಣಿಯಲ್ಲಿ ತೆಂಗಿನ ಹಾಲಿನ ಸಾರು, ಅದರಲ್ಲಿ ಅಂಗೈಯಗಲದ ಪಿತು ಸಿಗಡಿಗಳು. ಗಿರಣಿಯ ಮೇಲ್ಗಡೆ, ಕಾಲ್ಡಾ ಸೇರದ ಕಡೆ, ಯಜಮಾನರ ಸ್ವಂತ ಮಡುವಿದೆಯಲ್ಲ, ಅಲ್ಲಿಯವು. ಊಟ ಹಾಕಿಸುತ್ತಿದ್ದವರು ದೊತೋರ್ ಲಫಾಯೆತಿ. ಕಛೇರಿಯ ಖರ್ಚೂ ಅವರದೇ. ಇದು ನಮಗೆ ಆಗ ತಿಳಿಯಿತು. ಮೇಷ್ಟ್ರು ಮೇಜಿನ ಮುಂದೆ ಬಹಳ ಹೊತ್ತು ನಿಂತರು. ವಾಪಸು ಹೋಗೋಣ ಎಂದೆ. ಹೆಂಗಸರು ಆಗಲೇ ವೇದಿಕೆಯ ಮೇಲಿದ್ದರು.

ಮೊದಲ ನುಡಿ ಶುರುವಾದಾಗ ಸಭೆ ತಣ್ಣಗಾಯಿತು. ನಾಲ್ಕನೆಯದರ ಹೊತ್ತಿಗೆ ಮುಂದಿನ ಸಾಲಿನ ಒಬ್ಬ ಸೇನಾಧಿಕಾರಿ ಗಡಿಯಾರ ನೋಡಿಕೊಂಡ. ಪಕ್ಕದ ಪರದೆಯಿಂದ ಎವಾಲ್ಡು ಕತ್ತಿನ ಮೇಲೆ ಬೆರಳಾಡಿಸಿ ಸನ್ನೆ ಮಾಡಿದ. ಐದನೆಯ ದೀಪ ಮುಗಿಯುತ್ತಲೇ ವಾದ್ಯವೃಂದದ ನಿರ್ದೇಶಕ ತೋಳು ಬೀಸಿ ಎಲ್ಲವನ್ನೂ ಒಂದು ದೊಡ್ಡ ಸ್ವರದಲ್ಲಿ ಮುಚ್ಚಿ, ಸಭೆಗೆ ತಿರುಗಿ ಬಾಗಿದ. ಚಪ್ಪಾಳೆ ಬಿತ್ತು. ಜನ ಎದ್ದರು. ಬಾಗಿಲು ತೆರೆದು ಸಿಗಡಿಯ ಸಾರಿನ ಘಮ ಒಳಗೆ ನುಗ್ಗಿತು.

ಕಿತೇರಿಯಾ ಆರನೆಯ ದೀಪ ಹಚ್ಚಿದಳು.

ಹಿಂದಿನ ಹೆಂಗಸರು ಒಂದು ಕ್ಷಣ ತಡವರಿಸಿ ಸೇರಿಕೊಂಡರು. ಮೇಷ್ಟ್ರು ಸಭೆಯಿಂದ ಎದ್ದು ವೇದಿಕೆ ಹತ್ತಿ, ನಿರ್ದೇಶಕನನ್ನು ಭುಜದಿಂದ ಪಕ್ಕಕ್ಕೆ ಸರಿಸಿ, ನಮ್ಮ ಕಡೆ ನೋಡಿದರು. ನಾವು ನಾಲ್ವರು ಊದಿದೆವು. ವಾದ್ಯವೃಂದದಲ್ಲಿ ಪೆಟ್ಟಿಗೆ ಮುಚ್ಚುತ್ತಿದ್ದ ಚೆಲ್ಲೋದವನೊಬ್ಬ ಮತ್ತೆ ಕೂತ. ಸಭೆಯ ದೀಪಗಳನ್ನು ಆರಿಸಿದರು. ಹೊರಗೆ ಚಮಚ ತಟ್ಟೆಗಳ ಸದ್ದು, ನಗು, ಯಾರೋ ಸಿಗಡಿಯ ತಲೆ ಹೀರುವ ಸದ್ದು. ನಾನು ಊದುತ್ತಿದ್ದೆ, ನನ್ನ ಬಾಯಿಯಲ್ಲಿ ಹಿತ್ತಾಳೆಯ ರುಚಿಗೆ ಬದಲು ಕಾಲ್ಡಾದ ರುಚಿ ಬರುತ್ತಿತ್ತು. ಹನ್ನೆರಡೂ ಮುಗಿದವು. ಕಿತೇರಿಯಾ ಶಿಲುಬೆಯ ಗುರುತು ಮಾಡಿಕೊಂಡು, ಗೋಣಿಯ ಲಂಗ ಬಿಚ್ಚಿ ಮಡಿಸಿ ನೆಲದ ಮೇಲಿಟ್ಟಳು. ಮೇಷ್ಟ್ರು ಹಿಂದಿನ ಗಲ್ಲಿಗೆ ಹೋಗಿ ಗೋಡೆ ಹಿಡಿದು ವಾಂತಿ ಮಾಡಿದರು. ಅವಳೇ ಹೋಗಿ ಅವರ ಹಣೆ ಒತ್ತಿ ಹಿಡಿದಳು.

ಗಿರಣಿಯವರು ಸಿಟ್ಟಾಗುತ್ತಾರೆ, ಪೊಲೀಸರು ಬರುತ್ತಾರೆ ಎಂದು ನಾವು ಕಾದೆವು. ಬಂದದ್ದು ಪತ್ರಿಕೆ. ನನ್ನ ಅಂಗಡಿಯಲ್ಲೇ ಗಿರಾಕಿಗಳಿಗೆ ಓದಿ ಹೇಳಿದೆ. ಸಭಿಕರು ಎದ್ದು ಹೋಗುತ್ತಿದ್ದಂತೆ ಹಳ್ಳಿಯ ಹೆಂಗಸರು ಕತ್ತಲಲ್ಲಿ ಹಾಡು ಮುಂದುವರಿಸಿದ್ದು ಇಡೀ ಕಛೇರಿಯ ಅತ್ಯಂತ ಮನಮುಟ್ಟುವ ಘಟ್ಟವೆಂದು ಹೊಗಳಿದ್ದರು. ಅದು ಎವಾಲ್ಡು ಪೈವಾ ಅವರ ಕಲ್ಪನೆಯಂತೆ. ಅವರೇ ಹಾಗೆಂದು ಹೇಳಿಕೊಂಡಿದ್ದರು. ದೂರದ ದಕ್ಷಿಣದ ಸಾಂವ್ ಪೌಲೋ ನಗರದಲ್ಲೂ ಇದೇ ರೀತಿ, ಐದನೆಯದಕ್ಕೆ ನಿಲ್ಲಿಸಿ, ದೀಪ ಆರಿಸಿ, ಪ್ರದರ್ಶಿಸಲು ಕರೆ ಬಂದಿದೆಯಂತೆ. ದೊತೋರ್ ಲಫಾಯೆತಿಯವರಿಗೆ ಎಷ್ಟು ಸಂತೋಷವಾಯಿತೆಂದರೆ ನಮ್ಮ ಬ್ಯಾಂಡಿಗೆ ಹೊಸ ವಾದ್ಯಗಳನ್ನೇ ಕೊಡುತ್ತಾರಂತೆ.

ಮೇಷ್ಟ್ರು ಕುರ್ಚಿಯಲ್ಲಿದ್ದರು. ನಗರದವರು ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಎಂದು ಆಮೇಲೆ ಒಮ್ಮೆ ಅಂದರು. ಆ ಜನ ಅದನ್ನೂ ನುಂಗಿ ಚಪ್ಪರಿಸಿಬಿಟ್ಟರಲ್ಲ ಎಂದರು.

ಅವರು ರೆಸಿಫಿಗೆ ಹೋಗಿ ತಮ್ಮ ಸಂಗೀತದ ಹಾಳೆಗಳನ್ನು ಕೇಳಿ ಪಡೆದು ತಂದರು. ಇನ್ನು ಯಾರೂ ಬಾರಿಸುವಂತಿಲ್ಲ ಎಂದರು. ಊರಲ್ಲಿ ಜಗಳ ಹುಟ್ಟಿದ್ದು ಆಗ. ಕಿತೇರಿಯಾಳ ಒಬ್ಬನೇ ಮಗ ಕೆಲಸ ಹುಡುಕಿಕೊಂಡು ಸಾಂವ್ ಪೌಲೋಗೆ ಹೋಗಿ ಅಲ್ಲೇ ಗಾರೆ ಕೆಲಸ ಮಾಡಿಕೊಂಡಿದ್ದ. ಮಗಳು ಮರ್ಲೂಸಿಯ ಸಾವಿಗೂ ಬರಲು ಆಗಿರಲಿಲ್ಲ ಅವನಿಗೆ. ಅವಳು ಮೇಷ್ಟ್ರ ಬಾಗಿಲಿಗೆ ಬಂದು, ತಾನು ಹೋಗುತ್ತೇನೆ, ಎವಾಲ್ಡು ಟಿಕೆಟ್ ಕೊಡುತ್ತಾನೆ ಎಂದಳು. ಆ ಹೊಲಸು ಕೈಯಿಂದ ಟಿಕೆಟ್ ತೆಗೆದುಕೊಳ್ಳುತ್ತೀಯಾ, ನಿನಗೆ ಹೇಸಿಗೆಯಾಗುವುದಿಲ್ಲವೇ ಎಂದು ಮೇಷ್ಟ್ರು ಕೇಳಿದರು.

“ಹೇಸ್ಕೊಳ್ಳಾಕೂ ಹೊಟ್ಟೆ ತುಂಬಿರ್ಬೇಕು ಮೇಷ್ಟ್ರೇ,” ಎಂದಳು ಅವಳು. “ನಿಮ್ಗೆ ಮೂಗೈತೆ. ನಂಗೆ ಮಗ ಅವ್ನೆ.”

ಅವಳು ಹೋದಳು. ಬ್ಯಾಂಡಿನವರು ಹೊಸ ವಾದ್ಯ ತೆಗೆದುಕೊಂಡರು. ನಾನೂ ತೆಗೆದುಕೊಂಡೆ, ನನ್ನ ಹಳೆಯ ಕಹಳೆಯ ತೂತುಗಳಿಗೆ ಮೇಣ ಮೆತ್ತಿ ಮೆತ್ತಿ ಸಾಕಾಗಿತ್ತು, ಇದರಲ್ಲಿ ನನಗೆ ನಾಚಿಕೆಯೇನೂ ಇಲ್ಲ. ಪ್ರತಿಯೊಂದರ ಮೇಲೂ ಗಿರಣಿಯ ಹೆಸರು ಕೆತ್ತಿತ್ತು. ಮೇಷ್ಟ್ರು ಅದನ್ನು ನೋಡಿ, ತಾಳ ತೋರಿಸುವ ಕೋಲು ಕೆಳಗಿಟ್ಟು ಕೋಣೆಯಿಂದ ಹೊರಗೆ ನಡೆದರು. ಮತ್ತೆ ಬರಲಿಲ್ಲ. ಶನಿವಾರ ಗಡ್ಡಕ್ಕೂ ಬರಲಿಲ್ಲ. ತಾವೇ ಹೆರೆದುಕೊಂಡು ಕೆನ್ನೆಯಲ್ಲೆಲ್ಲ ಗಾಯ ಮಾಡಿಕೊಂಡು ಓಡಾಡಿದರು. ಮಠದಲ್ಲಿ ಹಾರ್ಮೋನಿಯಮ್ ನುಡಿಸಿ, ಅವರಿವರ ಮಕ್ಕಳಿಗೆ ಪಾಠ ಹೇಳಿ ಬದುಕಿದರು. ಊರು ಅವರನ್ನು ಜಂಬಗಾರ ಎಂದಿತು.

ಮುಂದಿನ ಹಂಗಾಮಿನಲ್ಲಿ ಕಿತೇರಿಯಾ ಒಂದು ಪ್ರೆಶರ್ ಕುಕ್ಕರಿನೊಂದಿಗೆ ತಿರುಗಿ ಬಂದಳು. ಬಂದವಳೇ ಮಠದ ಮೆಟ್ಟಿಲ ಮೇಲೆ ಕೂತು, ಮೇಷ್ಟ್ರು ಹೊರಗೆ ಬರುವವರೆಗೆ ಕಾದಳು. ನನ್ನ ಅಂಗಡಿ ಎದುರಿಗೇ ಇರುವುದರಿಂದ ನಾನೆಲ್ಲ ಕೇಳಿಸಿಕೊಂಡೆ. ಮಗನನ್ನು ನೋಡಿದಳಂತೆ, ಅವನು ಬೋಳುತಲೆಯಾಗಿದ್ದಾನಂತೆ. ಅಲ್ಲಿಯ ವೇದಿಕೆಯಲ್ಲಿ ಕುಣಿತದ ಹಾಡು, ಗೆಣಸು ಹೆರೆಯುವ ಹಾಡು ಎಲ್ಲ ಹಾಡಿದಳಂತೆ. ಹೆಣದ ಹಾಡನ್ನು ಹಾಡಲು ಹೇಳಿದಾಗ, ಮರೆತುಹೋಗಿದೆ ಎಂದಳಂತೆ. ಎವಾಲ್ಡು ಬಹಳ ಕೂಗಾಡಿದನಂತೆ.

“ಮರ್ತೋಯ್ತಾ?” ಎಂದರು ಮೇಷ್ಟ್ರು.

“ಅವ್ನ ಮುಂದೆ ಮರ್ತೋಯ್ತು.”

ಮೇಷ್ಟ್ರು ಅವಳ ಪಕ್ಕದಲ್ಲಿ, ಒಂದು ಮೊಳ ದೂರದಲ್ಲಿ, ಮೆಟ್ಟಿಲನ್ನು ಕರವಸ್ತ್ರದಿಂದ ಒರೆಸಿ ಕೂತರು. ಗೆಣಸು ಹೆರೆಯುವ ಹಾಡು ಯಾವುದು, ನಾನು ಕೇಳಿಲ್ಲವಲ್ಲ ಎಂದರು. ಅವಳು ಮೆಲ್ಲಗೆ ಗುನುಗಿದಳು. ನನಗೆ ಅವರ ಬೆರಳುಗಳು ತೊಡೆಯ ಮೇಲೆ ಕಾಣುತ್ತಿದ್ದವು.

ಆ ಹಾಡಿನಿಂದ ಅವರು ಹಾರ್ಮೋನಿಯಮ್ಮಿಗೂ ರಬೆಕಾಕ್ಕೂ ಹೆಂಗಸರ ದನಿಗೂ ಒಂದು ಪ್ರಾರ್ಥನೆ ಕಟ್ಟಿದರು. ಕಹಳೆ ಬೇಕಾದಾಗ ನನಗೆ ಹೇಳಿಕಳಿಸಿದರು: ಆ ಗಿರಣಿಯ ಹೆಸರನ್ನು ಉಜ್ಜಿ ತೆಗೆದು ಬಾ. ಅರ ಹಿಡಿದು ಉಜ್ಜಿ ಹೋದೆ. ಮಠದಲ್ಲಿ ಮೊದಲ ಸಲ ಹಾಡಿದಾಗ ಅರ್ಧ ಜನ ಫುಟ್ಬಾಲ್ ಪಂದ್ಯಕ್ಕೆಂದು ನಡುವೆಯೇ ಎದ್ದು ಹೋದರು. ಕಿತೇರಿಯಾ ಚೆನ್ನಾಗಿದೆ, ಆದರೆ ಉದ್ದ ಜಾಸ್ತಿಯಾಯಿತು, ಇಷ್ಟು ಹೊತ್ತಿಗೆ ಗೆಣಸೆಲ್ಲ ಮುಗಿದಿರುತ್ತಿತ್ತು ಎಂದಳು. ಮೇಷ್ಟ್ರು ಗೊಣಗಿಕೊಂಡು ಮುಂದಿನ ವಾರಕ್ಕೆ ಅದನ್ನು ಅರ್ಧ ಮಾಡಿದರು.

ಮೇಷ್ಟ್ರು ಹೋಗಿ ಬಹಳ ಕಾಲವಾಯಿತು. ಗಿರಣಿಯವರಿಗೆ ಕಾಲ್ಡಾ ಒಳ್ಳೆಯ ಗೊಬ್ಬರವೆಂದು ತಿಳಿದ ಮೇಲೆ ಹೊಳೆಗೆ ಬಿಡುವುದನ್ನು ನಿಲ್ಲಿಸಿ ಗದ್ದೆಗೆ ಸಿಂಪಡಿಸಲು ಹಿಡಿದರು. ಲಫಾಯೆತಿಗೆ ಪ್ರಕೃತಿಯ ಗೆಳೆಯ ಎಂದು ಸರ್ಕಾರ ಪದಕ ಕೊಟ್ಟಿತು. ನಾತ ಈಗ ಒಂದು ಕಡೆಯಿಂದಲ್ಲ, ನಾಲ್ಕೂ ಕಡೆಯಿಂದ ಬರುತ್ತದೆ. ಆ ಪ್ರಾರ್ಥನೆಯನ್ನು ಹೆಂಗಸರು ಇಂದಿಗೂ ಮಠದಲ್ಲಿ ಹಾಡುತ್ತಾರೆ.

ಹೋದ ವರ್ಷ ವಿಶ್ವವಿದ್ಯಾಲಯದ ಹುಡುಗನೊಬ್ಬ ಅದನ್ನು ಧ್ವನಿಮುದ್ರಿಸಿಕೊಂಡು ನನ್ನ ಅಂಗಡಿಗೆ ಗಡ್ಡಕ್ಕೆ ಬಂದ. ಎಷ್ಟು ಶತಮಾನದ ಹಿಂದಿನ ಜನಪದವೋ ಎಂದು ಕಣ್ಣರಳಿಸಿದ. ಅದನ್ನು ಕಟ್ಟಿದವರು ಮೇಷ್ಟ್ರು ಡೊರ್ಜಿವಾಲ್ ಫೆಯ್ತೋಜಾ, ನೀನು ಕೂತಿರುವ ಕುರ್ಚಿಯಲ್ಲೇ ಕೂರುತ್ತಿದ್ದರು ಎಂದೆ.

“ಕರ್ತೃ ಗೊತ್ತಿಲ್ಲ ಅಂತ್ಲೇ ಹಾಕ್ತೀನಿ ತಾತ,” ಎಂದ. “ಹೆಸರಿದ್ರೆ ಜಾನಪದ ಅನ್ಸಲ್ಲ.”

ಅವನ ಒಂದು ಕೆನ್ನೆ ಆಗಿತ್ತು, ಇನ್ನೊಂದು ಬಾಕಿಯಿತ್ತು. ಕತ್ತಿ ಒರೆಸಿ ಪೆಟ್ಟಿಗೆಯಲ್ಲಿಟ್ಟೆ. ಉಳಿದ ಸೋಪನ್ನು ಹೊಳೆಯಲ್ಲಿ ತೊಳೆದುಕೋ ಎಂದು ಬಾಗಿಲು ತೋರಿಸಿದೆ.